ಗಾಳಿದೋಣಿಯೂ ಕಾಲಾನಿಕೆಯೂ

ದೋಣಿಯನ್ನು ನಡೆಸುವುದು ಕೈಗಳ ಕೆಲಸವೆಂದು ನಾವೆಲ್ಲರೂ ತಿಳಿದಿದ್ದೇವೆ. ದಡದಲ್ಲಿ ನಿಂತು ನೋಡುವವನ ಕಣ್ಣಿಗೆ ಬೀಳುವುದು ಹುಟ್ಟು ಹಿಡಿದ ಎರಡು ತೋಳುಗಳು, ಅವುಗಳ ಜೊತೆಗೆ ಬಾಗಿ ಏಳುವ ಒಂದು ಬೆನ್ನು, ಅಷ್ಟೆ. ಕಾಲುಗಳು ದೋಣಿಯ ಅಂಚಿನ ಮರೆಯಲ್ಲಿರುತ್ತವೆ. ಆದುದರಿಂದ ಅವು ಕೆಲಸವಿಲ್ಲದೆ ಸುಮ್ಮನೆ ಚಾಚಿಕೊಂಡಿವೆಯೆಂದೇ ನೋಡುವವನು ಭಾವಿಸುತ್ತಾನೆ. ವಾಸ್ತವವು ಇದಕ್ಕೆ ವಿರುದ್ಧವಾದುದು. ಕಾಲು ಒದೆಯುವುದಕ್ಕೆ ಗಟ್ಟಿಯಾದ ಆಸರೆಯಿಲ್ಲದಿದ್ದರೆ ಕೈಗಳು ಎಷ್ಟೇ ಬಲವಾಗಿದ್ದರೂ ತಮ್ಮ ಪೂರ್ಣ ಶಕ್ತಿಯನ್ನು ತೋರಲಾರವು. ಈ ಆಸರೆಯನ್ನು ನಾವು ಇಲ್ಲಿ ಕಾಲಾನಿಕೆಯೆಂದು ಕರೆಯೋಣ.

ಇಂಗ್ಲೆಂಡು, ರಷ್ಯ, ಅಮೆರಿಕ ಮೊದಲಾದ ದೇಶಗಳಲ್ಲಿ ಸರೋವರ ಮತ್ತು ನದಿಗಳಲ್ಲಿ ಗಾಳ ಹಾಕುವ ಹವ್ಯಾಸಿಗಳು ಗಾಳಿ ತುಂಬಿದ ಸಣ್ಣ ದೋಣಿಗಳನ್ನು ಬಹಳವಾಗಿ ಬಳಸುತ್ತಾರೆ. ಮಡಿಸಿದರೆ ಚೀಲದಲ್ಲಿ ಹಿಡಿಯುತ್ತದೆ. ಊದಿದರೆ ಇಬ್ಬರನ್ನು ಹೊರುತ್ತದೆ. ಬೆಲೆಯೂ ಮರದ ದೋಣಿಗಿಂತ ಕಡಿಮೆ. ಇಷ್ಟೆಲ್ಲ ಗುಣಗಳಿರುವ ಈ ದೋಣಿಗಳಲ್ಲಿ ಅನೇಕವಕ್ಕೆ ಕಾಲಾನಿಕೆಯೆಂಬುದೇ ಇರುವುದಿಲ್ಲ. ಆದುದರಿಂದ ಕೊಂಡವರು ತಮ್ಮ ತಮ್ಮ ಕಾಲಿನ ಅಳತೆಗೆ ತಕ್ಕಂತೆ ತಾವೇ ಒಂದನ್ನು ಮಾಡಿಕೊಳ್ಳುವ ರೂಢಿ ಬೆಳೆದಿದೆ. ಅದನ್ನು ಏಕೆ ಮಾಡಿಕೊಳ್ಳಬೇಕು, ಹೇಗೆ ಮಾಡಿಕೊಳ್ಳಬೇಕು, ಎಲ್ಲಿ ಎಚ್ಚರ ತಪ್ಪಬಾರದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಗಾಳಿದೋಣಿಯ ಪೂರ್ವವೃತ್ತಾಂತ

ಗಾಳಿಯನ್ನು ಕಟ್ಟಿಹಾಕಿ ನೀರಿನ ಮೇಲೆ ತೇಲುವ ಉಪಾಯ ಹೊಸದಲ್ಲ. ಕ್ರಿಸ್ತಪೂರ್ವ 9ನೆಯ ಶತಮಾನದ ಅಸ್ಸೀರಿಯದ ಅರಸನಾದ ಎರಡನೆಯ ಅಶೂರ್‌ನಸಿರ್‌ಪಾಲನ ಅರಮನೆಯ ಶಿಲಾಫಲಕಗಳಲ್ಲಿ, ಉಬ್ಬಿಸಿದ ತೊಗಲಚೀಲಗಳನ್ನು ಅವಚಿಕೊಂಡು ಹೊಳೆ ದಾಟುವ ಜನರನ್ನು ಕೆತ್ತಲಾಗಿದೆ. ಆ ಫಲಕಗಳು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿವೆ. ನಮ್ಮ ದೇಶದಲ್ಲಿಯೇ ಸಟ್ಲೆಜ್, ಬಿಯಾಸ್ ನದಿಗಳ ದಡದ ಜನರು ಉಬ್ಬಿಸಿದ ಎಮ್ಮೆಯ ತೊಗಲಿನ ಮೇಲೆ ಬೋರಲು ಮಲಗಿ ಹೊಳೆ ದಾಟುತ್ತಿದ್ದರು.

ಹೊಸ ಕಾಲದ ಗಾಳಿದೋಣಿ ರಬ್ಬರಿನ ಸಂತಾನ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷನು ರಬ್ಬರು ಲೇಪಿಸಿದ ಬಟ್ಟೆಗೆ ಹಕ್ಕುಪತ್ರ ಪಡೆದನು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರನು ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಗಟ್ಟಿಯಾಗಿ ಬಾಳುತ್ತದೆಂದು ಕಂಡುಕೊಂಡನು. ಅದಾದ ಕೆಲವೇ ವರ್ಷಗಳಲ್ಲಿ, 1840ರ ದಶಕದಲ್ಲಿ, ಬ್ರಿಟಿಷ್ ನೌಕಾಪಡೆಯ ಅಧಿಕಾರಿಯಾದ ಪೀಟರ್ ಹಾಲ್ಕೆಟ್ಟನು ಒಂದು ವಿಚಿತ್ರವಾದ ದೋಣಿಯನ್ನು ರಚಿಸಿದನು. ಅದನ್ನು ಹೆಗಲಿಗೆ ಹಾಕಿಕೊಂಡರೆ ಮೇಲಂಗಿ. ಊದಿದರೆ ಒಬ್ಬನು ಕೂರುವ ದೋಣಿ. ಕೈಯಲ್ಲಿನ ಊರುಗೋಲೇ ಹುಟ್ಟು, ಕೊಡೆಯೇ ಹಾಯಿ! ಉತ್ತರ ಧ್ರುವಪ್ರದೇಶದ ಅನ್ವೇಷಕನಾದ ಜಾನ್ ರೇ ಎಂಬಾತನು ಹಾಲ್ಕೆಟ್ಟನ ದೋಣಿಯನ್ನು ತನ್ನ ಪ್ರಯಾಣಗಳಲ್ಲಿ ಬಳಸಿದನು. 1930ರ ದಶಕದಲ್ಲಿ ಫ್ರಾನ್ಸಿನಲ್ಲಿ, ವಾಯುನೌಕೆಗಳನ್ನು ತಯಾರಿಸುತ್ತಿದ್ದ ಜೋಡಿಯಾಕ್ ಸಂಸ್ಥೆಯು ಅದೇ ವಿದ್ಯೆಯನ್ನು ನೀರಿಗಿಳಿಸಿತು. 1952ರಲ್ಲಿ ಅಲೇನ್ ಬೊಂಬಾರ್ ಎಂಬ ಫ್ರೆಂಚ್ ವೈದ್ಯನು ಅಂತಹ ಗಾಳಿದೋಣಿಯೊಂದರಲ್ಲಿ ಹಾಯಿ ಕಟ್ಟಿ, ಕನೇರಿ ದ್ವೀಪಗಳಿಂದ ಬಾರ್ಬಡೋಸಿಗೆ 65 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿದನು. ಗಾಳಿದೋಣಿ ಮಕ್ಕಳ ಆಟಿಕೆಯಲ್ಲವೆಂದು ಜಗತ್ತಿಗೆ ಅದರಿಂದ ಮನವರಿಕೆಯಾಯಿತು.

ನಮ್ಮ ಕಡೆಯ ಹರಿಗೋಲನ್ನು ಬಲ್ಲವರಿಗೆ ಇಲ್ಲಿ ಒಂದು ಸಂದೇಹ ಬರಬಹುದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಾದ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವು ಹದಿನೈದಿಪ್ಪತ್ತು ಮಂದಿಯನ್ನೂ ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದುವಂತೆ. ಹಂಪೆಯಲ್ಲಿ ಇಂದಿಗೂ ಹರಿಗೋಲು ನಡೆಯುತ್ತಿದೆ. ಅದರಲ್ಲಿ ಎಲ್ಲಿಯೂ ಕಾಲಾನಿಕೆ ಇಲ್ಲವಲ್ಲ, ಅಂಬಿಗನು ಹೇಗೆ ನಡೆಸುತ್ತಾನೆ? ಉತ್ತರ ಸುಲಭ. ಹರಿಗೋಲಿನ ಹುಟ್ಟು ದೋಣಿಯ ಅಂಚಿಗೆ ಕಟ್ಟಿದ್ದಲ್ಲ. ಅಂಬಿಗನು ಅದನ್ನು ಎರಡು ಕೈಗಳಲ್ಲಿ ಹಿಡಿದು, ತಾನು ಹೋಗುವ ದಿಕ್ಕಿಗೆ ಮುಖಮಾಡಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಊರಿದ ಮೊಣಕಾಲೋ ಅಂಚಿಗೆ ಒತ್ತಿದ ತೊಡೆಯೋ ಅವನಿಗೆ ಆಸರೆ. ನಾವು ಹೇಳಹೊರಟಿರುವ ದೋಣಿಯಲ್ಲಾದರೋ ಎರಡು ಹುಟ್ಟುಗಳು ಎರಡು ಪಕ್ಕದ ಕೀಲುಗಳಲ್ಲಿ ಕೂತಿರುತ್ತವೆ. ನಡೆಸುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಕೀಲು ಬಂದ ಕೂಡಲೆ ಲೆಕ್ಕವೇ ಬೇರೆಯಾಗುತ್ತದೆ.

ಕಾಲು ಮಾಡುವ ಕೆಲಸ

ನಮ್ಮದು ಕಲಾ ಕಾಲೇಜು. ಭೌತಶಾಸ್ತ್ರದ ಹೆಸರೆತ್ತಿದೊಡನೆ ಪುಟ ಮಗುಚುವ ಮಿತ್ರರು ಇಲ್ಲದಿಲ್ಲ. ಆದರೂ ಒಂದೆರಡು ನಿಮಿಷ ತಾಳ್ಮೆಯಿಟ್ಟರೆ ವಿಷಯವು ಅಂಗೈ ನೆಲ್ಲಿಕಾಯಿಯಾಗುವುದು.

ಹುಟ್ಟು ಒಂದು ಸನ್ನೆಗೋಲು. ಅದರ ಒಂದು ತುದಿಯನ್ನು ಕೈ ಎಳೆಯುತ್ತದೆ, ಇನ್ನೊಂದು ತುದಿಯ ಅಲಗು ನೀರನ್ನು ನೂಕುತ್ತದೆ, ನಡುವೆ ಕೀಲು ಇದೆ. ಕೀಲಿನಿಂದ ಒಳಗಿನ ಭಾಗ ಒಂದು ಪಾಲು, ಹೊರಗಿನ ಭಾಗ ಎರಡು ಪಾಲು ಎಂದು ಇಟ್ಟುಕೊಳ್ಳೋಣ. ಎರಡು ಕೈಗಳೂ ಸೇರಿ 30 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದರೆ ಅಲಗುಗಳು ನೀರನ್ನು 15 ಕಿಲೋಗ್ರಾಮಿನಷ್ಟು ಬಲದಿಂದ ನೂಕುತ್ತವೆ. ಈ ಎರಡೂ ಸೇರಿ 45 ಕಿಲೋಗ್ರಾಮಿನಷ್ಟು ಬಲ ಕೀಲುಗಳ ಮೇಲೆ ಬಿದ್ದು ದೋಣಿಯನ್ನು ಅದರ ಮೂತಿಯ ಕಡೆಗೆ ತಳ್ಳುತ್ತದೆ.

ಇಲ್ಲಿಗೆ ಕಥೆ ಮುಗಿಯಲಿಲ್ಲ. ಕ್ರಿಯೆಯಿದ್ದಲ್ಲಿ ಪ್ರತಿಕ್ರಿಯೆಯಿರಲೇಬೇಕೆಂದು ನ್ಯೂಟನ್ನನು ವಿಧಿಸಿದ್ದಾನೆ. ನಾವು ಹುಟ್ಟನ್ನು 30 ಕಿಲೋಗ್ರಾಮಿನಷ್ಟು ಬಲದಿಂದ ಎದೆಯ ಕಡೆಗೆ ಎಳೆದರೆ ಹುಟ್ಟೂ ನಮ್ಮನ್ನು ಅಷ್ಟೇ ಬಲದಿಂದ ತನ್ನ ಕಡೆಗೆ, ಎಂದರೆ ದೋಣಿಯ ಹಿಂಭಾಗದ ಕಡೆಗೆ, ಎಳೆಯುತ್ತದೆ. ನಾವು ಜಾರಿಹೋಗದೆ ಕುಳಿತಿರಬೇಕಾದರೆ ಆ 30 ಕಿಲೋಗ್ರಾಮನ್ನು ದೋಣಿಯ ಯಾವುದೋ ಒಂದು ಅಂಗ ತಡೆಯಬೇಕು. ಕಾಲಾನಿಕೆಯಿದ್ದರೆ ಕಾಲು ಅದನ್ನು ಒದ್ದು ತಡೆಯುತ್ತದೆ. ಕೀಲಿನ ಮೇಲೆ ಮುಂದಕ್ಕೆ 45, ಕಾಲಾನಿಕೆಯ ಮೇಲೆ ಹಿಂದಕ್ಕೆ 30. ಕಳೆದರೆ ಉಳಿಯುವುದು 15. ನೀರಿನಿಂದ ಬಂದ ಬಲವೂ ಅದೇ 15. ಲೆಕ್ಕ ಸರಿಹೋಯಿತು.

ಕಾಲಾನಿಕೆ ಇಲ್ಲದಿದ್ದರೆ? ಆಗ ನಮ್ಮನ್ನು ತಡೆಯುವುದು ಕುಳಿತ ಹಲಗೆಯ ಮೇಲಿನ ಘರ್ಷಣೆಯೊಂದೇ. ಕುಳಿತವನ ತೂಕ 60 ಕಿಲೋಗ್ರಾಂ, ಒದ್ದೆಯಾದ ನುಣುಪು ಪೀಠದ ಘರ್ಷಣೆ ತೂಕದ ಮೂರನೆಯ ಒಂದು ಪಾಲು ಎಂದಿಟ್ಟುಕೊಂಡರೆ, 20 ಕಿಲೋಗ್ರಾಮಿಗಿಂತ ಹೆಚ್ಚು ಎಳೆದೊಡನೆ ಅವನು ಪೀಠದ ಮೇಲೆ ಜಾರತೊಡಗುತ್ತಾನೆ. ತೋಳಿನಲ್ಲಿ 30ರ ಬಲವಿದ್ದರೂ 20ನ್ನು ಮಾತ್ರ ಉಪಯೋಗಿಸಬಲ್ಲ. ದೋಣಿಗೆ 15ರ ಬದಲು 10 ಮಾತ್ರ ದಕ್ಕುತ್ತದೆ. ಮೂರರಲ್ಲಿ ಒಂದು ಪಾಲು ಹೋಯಿತು. ಅದಕ್ಕಿಂತಲೂ ಮುಖ್ಯವಾದುದೆಂದರೆ, ದೇಹದಲ್ಲೆಲ್ಲ ಅತ್ಯಂತ ಬಲಿಷ್ಠವಾದ ತೊಡೆಯ ಸ್ನಾಯುಗಳು ಕೆಲಸಕ್ಕೆ ಬಾರದೆ, ಇಡೀ ಭಾರ ತೋಳಿಗೂ ಸೊಂಟಕ್ಕೂ ಬೀಳುತ್ತದೆ. ಒಂದು ಗಂಟೆ ಹುಟ್ಟು ಹಾಕಿದವನು ಸೊಂಟ ಹಿಡಿದುಕೊಂಡು ಏಳುವುದಕ್ಕೆ ಇದೇ ಕಾರಣ.

ಹಿಂದಿನವರಿಗೆ ಇದು ತಿಳಿಯದ ವಿಷಯವಲ್ಲ. ಕ್ರಿಸ್ತಪೂರ್ವ 429ರಲ್ಲಿ ಕೊರಿಂಥಿನಿಂದ ಹೊರಟು ಅಥೆನ್ಸಿನ ಬಂದರನ್ನು ಹಠಾತ್ತಾಗಿ ಹಿಡಿಯಲೆಣಿಸಿದ ನಾವಿಕರು ಭೂಮಾರ್ಗವಾಗಿ ನಡೆದು ಬಂದಾಗ, ಒಬ್ಬೊಬ್ಬನೂ ತನ್ನ ಹುಟ್ಟು, ತಾನು ಕೂರುವ ಮೆತ್ತೆ, ಹುಟ್ಟು ಕಟ್ಟುವ ತೊಗಲಪಟ್ಟಿ ಇವಿಷ್ಟನ್ನು ಹೊತ್ತುಕೊಂಡಿದ್ದನೆಂದು ಥುಸಿಡಿಡೀಸನು ಬರೆದಿದ್ದಾನೆ. ಇತಿಹಾಸ ತರಗತಿಯ ಮಿತ್ರರು ಇದನ್ನು ಗಮನಿಸಬೇಕು. ಹಡಗು ರಾಜ್ಯದ್ದಾದರೂ ಮೈಗೆ ತಾಗುವ ಸಾಮಗ್ರಿ ಅವನವನದೇ.

ಮೆತ್ತನೆಯ ದೋಷ

ಮರದ ದೋಣಿಯಲ್ಲಿ ಕಾಲಿಗೆ ಏನಾದರೊಂದು ಗಟ್ಟಿ ವಸ್ತು ಸಿಕ್ಕೇ ಸಿಗುತ್ತದೆ; ಅಡ್ಡಪಟ್ಟಿಯೋ ಹಲಗೆಯ ಅಂಚೋ ಇರುತ್ತದೆ. ಗಾಳಿದೋಣಿಯಲ್ಲಿ ಎಲ್ಲವೂ ಮೆತ್ತಗೆ. ಸಾಮಾನ್ಯವಾಗಿ ಜನರು ಎದುರಿನ ಗಾಳಿಕೊಳವೆಗೋ ಎದುರಿನ ಪೀಠಕ್ಕೋ ಹಿಮ್ಮಡಿ ಕೊಟ್ಟು ಒದೆಯುತ್ತಾರೆ. ಒದ್ದಾಗ ಅದು ಒಳಕ್ಕೆ ಹೋಗುತ್ತದೆ, ಬಿಟ್ಟಾಗ ಹೊರಕ್ಕೆ ಬರುತ್ತದೆ. ಒಂದು ಎಳೆತಕ್ಕೆ 3 ಸೆಂಟಿಮೀಟರು ಒಳಹೋಯಿತೆನ್ನೋಣ. ನಿಮಿಷಕ್ಕೆ 25 ಎಳೆತದಂತೆ ಗಂಟೆಗೆ 1500 ಎಳೆತ. ಅಂದರೆ ಗಂಟೆಗೆ 45 ಮೀಟರು ದೂರ ನಾವು ಗಾಳಿಯನ್ನೇ ತುಳಿದಂತಾಯಿತು. ಕೊಳವೆ ಹಿಂದಕ್ಕೆ ಉಬ್ಬುವಾಗ ಆ ಶ್ರಮದಲ್ಲಿ ಸ್ವಲ್ಪ ಮರಳಿ ಬರುವುದು ನಿಜ. ಆದರೆ ಅದು ಬರುವುದು ಅಲಗು ನೀರಿನಿಂದ ಮೇಲೆದ್ದ ಮೇಲೆ. ಮದುವೆ ಮುಗಿದ ಮೇಲೆ ಬಂದ ಓಲಗದಂತೆ ಅದರಿಂದ ಪ್ರಯೋಜನವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಇಂತಹ ದೋಣಿಗಳ ಕೊಳವೆಗಳಲ್ಲಿ ಗಾಳಿಯ ಒತ್ತಡವು ಹೊರಗಿನ ವಾಯುಮಂಡಲಕ್ಕಿಂತ ಸುಮಾರು 0.25 ಬಾರ್ ಹೆಚ್ಚಿಗೆ ಇರುತ್ತದೆ. ದಡದ ಬಿಸಿಲಿನಲ್ಲಿ 45 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಊದಿದ ದೋಣಿಯ ಗಾಳಿ, ನೀರಿಗಿಳಿದು 25 ಡಿಗ್ರಿಗೆ ತಣ್ಣಗಾದರೆ ಆ ಹೆಚ್ಚಳ 0.17ಕ್ಕೆ ಇಳಿಯುತ್ತದೆ. ದಡದಲ್ಲಿ ಬಿಗಿಯಾಗಿದ್ದ ಆಸರೆ ನೀರಿನಲ್ಲಿ ಸಡಿಲವಾಗುವುದಕ್ಕೆ ಇದೇ ಕಾರಣ. ಆದುದರಿಂದ ನೀರಿಗಿಳಿಸಿದ ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಗಾಳಿ ಹಾಕಬೇಕು. ಅಂತೆಯೇ ಗಟ್ಟಿಯಾಗಿ ಊದಿದ ದೋಣಿಯನ್ನು ಮರಳಿ ದಡಕ್ಕೆಳೆದು ಬಿಸಿಲಿನಲ್ಲಿ ಬಿಡಬಾರದು. ಒತ್ತಡವೇರಿ ಬೆಸುಗೆ ಬಿಟ್ಟೀತು.

ಅಳತೆ

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆ ಮನೆವಾರ್ತೆಗೆ ಒಪ್ಪುವಂಥದು, ದೋಣಿಗೆ ಒಪ್ಪದು. ಇಲ್ಲಿ ಕಾಲು ಇದ್ದಷ್ಟಕ್ಕೆ ಹಾಸಿಗೆಯನ್ನು ಸರಿಮಾಡಬೇಕು. ಐದಡಿಯವನಿಗೂ ಆರಡಿಯವನಿಗೂ ಒಂದೇ ಕಡೆ ಕಾಲಾನಿಕೆಯನ್ನು ಬಲವಾಗಿ ಜಡಿದರೆ ಒಬ್ಬನ ಕಾಲು ಎಟುಕದು, ಇನ್ನೊಬ್ಬನ ಮೊಣಕಾಲು ಗದ್ದಕ್ಕೆ ಬಂದೀತು.

ಅಳತೆ ತೆಗೆಯುವ ಕ್ರಮ ಹೀಗೆ. ದೋಣಿಯನ್ನು ಪೂರ್ತಿಯಾಗಿ ಊದಿ ಸಮನಾದ ನೆಲದ ಮೇಲಿಡಬೇಕು. ಹುಟ್ಟುಗಳನ್ನು ಕೀಲಿಗೆ ಹಾಕಿ, ಮೀನು ಹಿಡಿಯಲು ಹೋಗುವಾಗ ತೊಡುವ ಪಾದರಕ್ಷೆಯನ್ನೇ ತೊಟ್ಟು, ಪೀಠದ ಮೇಲೆ ಕುಳಿತು ಹುಟ್ಟನ್ನು ಎದೆಯವರೆಗೆ ಎಳೆದುಕೊಳ್ಳಬೇಕು. ಆ ಸ್ಥಿತಿಯಲ್ಲಿ ಬೆನ್ನು ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಮೊಣಕಾಲು ಪೂರ್ತಿ ನೆಟ್ಟಗಾಗದೆ ತುಸುವೇ ಬಾಗಿರಬೇಕು. ಆಗ ಅಂಗಾಲು ಎಲ್ಲಿ ಬರುವುದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ಆಮೇಲೆ ಮುಂದಕ್ಕೆ ಬಾಗಿ ಕೈ ಚಾಚಿ ನೋಡಬೇಕು. ಹುಟ್ಟಿನ ಹಿಡಿ ಮೊಣಕಾಲಿಗೆ ತಗುಲುವಂತಿದ್ದರೆ ಕಾಲಾನಿಕೆ ತೀರ ಹತ್ತಿರವಾಯಿತೆಂದು ಅರ್ಥ. ಗಾಳಿದೋಣಿಯ ಪೀಠ ತಗ್ಗಾಗಿರುವುದರಿಂದ ಈ ತೊಂದರೆ ಸಾಮಾನ್ಯ. ಪಾದವನ್ನು ದೂರಕ್ಕೂ ಕೆಳಕ್ಕೂ ಸರಿಸಿದರೆ ಅದು ನೀಗುತ್ತದೆ.

ಇನ್ನು ಎತ್ತರ ಮತ್ತು ಓರೆ. ಹಿಮ್ಮಡಿಯು ಪೀಠಕ್ಕಿಂತ ಸುಮಾರು ಒಂದು ಗೇಣು ಕೆಳಗೆ ಇದ್ದರೆ ಸಾಕು. ಅದಕ್ಕಿಂತ ಮೇಲಿದ್ದರೆ ತೊಡೆಯ ಹಿಂಭಾಗದ ಸ್ನಾಯು ಬಿಗಿದು, ಸೊಂಟ ಹಿಂದಕ್ಕುರುಳಿ, ಬೆನ್ನು ಗೂನಾಗುತ್ತದೆ. ತೀರ ಕೆಳಗಿದ್ದರೆ ಒದೆತದ ಬಲದಲ್ಲೊಂದು ಪಾಲು ನಮ್ಮನ್ನು ಪೀಠದಿಂದ ಮೇಲಕ್ಕೆತ್ತುವುದಕ್ಕೆ ಹೋಗುತ್ತದೆ. ಪಾದ ಒರಗುವ ಹಲಗೆ ನೆಲಕ್ಕೆ ಸುಮಾರು 45 ಡಿಗ್ರಿ ಓರೆಯಾಗಿರುವುದು ಹಿತ. ಪಂದ್ಯದ ದೋಣಿಗಳಲ್ಲಿಯೂ ಓರೆಯು ಹೆಚ್ಚುಕಡಿಮೆ 40ರ ಆಸುಪಾಸಿನಲ್ಲಿಯೇ ಇರುತ್ತದೆ. ಒಟ್ಟಿನಲ್ಲಿ ಹಿಮ್ಮಡಿ ನೆಲದಲ್ಲಿ ಊರಿ, ಪಾದದ ಮುಂಭಾಗದ ದಪ್ಪ ಪಾಲು ಹಲಗೆಗೆ ಒತ್ತಿರಬೇಕು. ಬರಿಯ ಬೆರಳ ತುದಿಯಿಂದ ಒದೆಯುವಂತಾದರೆ ಮೀನಖಂಡ ಸೆಳೆತು ನೋಯುತ್ತದೆ.

ಮೂರು ವಿಧಗಳು

ಮೊದಲನೆಯದು ಹಲಗೆ ನೆಲದ ದೋಣಿಗೆ. ಅನೇಕ ಗಾಳಿದೋಣಿಗಳಲ್ಲಿ ನೆಲಕ್ಕೆ ಪ್ಲೈವುಡ್ಡಿನ ಹಲಗೆಗಳನ್ನು ಜೋಡಿಸಿರುತ್ತಾರೆ. ಇಂಥಲ್ಲಿ ಕೆಲಸ ಸುಲಭ. ಗಟ್ಟಿ ಮರದ ಬೆಣೆಯಾಕಾರದ ಎರಡು ತುಂಡುಗಳನ್ನು ಮಾಡಿ, ಅವುಗಳ ಓರೆಮುಖಕ್ಕೆ ಒಂದು ಪಟ್ಟಿಯನ್ನು ಅಡ್ಡಲಾಗಿ ಬಿಗಿದು, ಬೋಲ್ಟಿನಿಂದ ನೆಲದ ಹಲಗೆಗೆ ಕೂರಿಸುವುದು. ನೆಲದ ಹಲಗೆಯನ್ನು ದೋಣಿಯಿಂದ ಹೊರತೆಗೆದೇ ತೂತು ಕೊರೆಯಬೇಕು; ದೋಣಿಯೊಳಗಿಟ್ಟು ಕೊರೆಯಹೋದರೆ ಕೆಳಗಿನ ಬಟ್ಟೆಗೂ ತೂತು ಬೀಳುವುದು ಖಂಡಿತ. ಬೋಲ್ಟಿನ ತಲೆ ಹಲಗೆಯ ಅಡಿಮುಖದಲ್ಲಿ ತಗ್ಗು ಮಾಡಿ ಹುದುಗಿರಬೇಕು, ನಟ್ಟು ಮೇಲ್ಮುಖದಲ್ಲಿರಬೇಕು. ಹಾಗಿಲ್ಲದಿದ್ದರೆ ಅದು ಬಟ್ಟೆಯನ್ನು ಉಜ್ಜಿ ಉಜ್ಜಿ ಸವೆಯಿಸುತ್ತದೆ. ತೂತಿನ ಒಳಮೈಗೆ ವಾರ್ನಿಷ್ ಬಳಿಯುವುದನ್ನು ಮರೆಯಬಾರದು. ಪ್ಲೈವುಡ್ಡು ಕೊಳೆಯುವುದು ಕೊಯ್ದ ಅಂಚಿನಿಂದಲೇ. ಐದೈದು ಸೆಂಟಿಮೀಟರಿಗೆ ಒಂದರಂತೆ ನಾಲ್ಕು ಸಾಲು ತೂತುಗಳಿದ್ದರೆ ಅಣ್ಣನೂ ತಮ್ಮನೂ ಒಂದೇ ದೋಣಿಯನ್ನು ಬಳಸಬಹುದು.

ಎರಡನೆಯದು ಹಲಗೆಯಿಲ್ಲದ ದೋಣಿಗೆ. ನೆಲವೂ ಬಟ್ಟೆಯದೇ ಆದಾಗ ಬೋಲ್ಟು ಹಾಕುವಂತಿಲ್ಲ. ಇದಕ್ಕೆ ಕಂಡುಹಿಡಿದಿರುವ ಉಪಾಯ ಬಹಳ ಸೊಗಸಾದುದು. ಸುಮಾರು 45 ಸೆಂಟಿಮೀಟರು ಉದ್ದದ ಒಂದು ಮರದ ದಂಡವನ್ನೋ ದಪ್ಪ ಪಿವಿಸಿ ಕೊಳವೆಯನ್ನೋ ತೆಗೆದುಕೊಂಡು, ಅದರ ಎರಡು ತುದಿಗಳಿಗೂ ಒಂದೊಂದು ಪಟ್ಟಿಯನ್ನು ಕಟ್ಟಿ, ಆ ಪಟ್ಟಿಗಳ ಇನ್ನೊಂದು ತುದಿಯನ್ನು ನಾವು ಕುಳಿತ ಪೀಠದ ಎರಡು ಕೊನೆಗಳಿಗೆ ಬಿಗಿಯುವುದು. ಕಾಲು ದಂಡವನ್ನು ಒದೆಯುತ್ತದೆ, ದಂಡ ಪಟ್ಟಿಯನ್ನು ಎಳೆಯುತ್ತದೆ, ಪಟ್ಟಿ ಪೀಠವನ್ನು ಹಿಡಿದಿರುತ್ತದೆ. ಒದೆತದ ಬಲ ಮೆತ್ತನೆಯ ಕೊಳವೆಗೆ ಹೋಗದೆ ಪೀಠಕ್ಕೂ ಕೀಲಿಗೂ ಹತ್ತಿರದಲ್ಲಿಯೇ ಮುಗಿಯುತ್ತದೆ. ಪೀಠವು ಜಾರುಗಾಡಿಯಲ್ಲಿ ಓಡಾಡುವಂಥದಾಗಿದ್ದರೆ ಅದನ್ನು ಮೊದಲು ಅಲುಗದಂತೆ ಕಟ್ಟಬೇಕು. ಪಟ್ಟಿಗೆ ಬಕಲ್ಲು ಹಾಕಿದರೆ ಬೇಕಾದಷ್ಟು ಉದ್ದ ಗಿಡ್ಡ ಮಾಡಬಹುದು. ನೈಲಾನು ನೆನೆದಾಗ ಹಿಗ್ಗುತ್ತದೆ. ಪಾಲಿಯೆಸ್ಟರ್ ಪಟ್ಟಿ ಅಷ್ಟಾಗಿ ಹಿಗ್ಗದು. ಎಳೆತ ಮುಗಿದು ಕಾಲು ಸಡಿಲವಾದಾಗ ದಂಡವು ಹಿಂದಕ್ಕೆ ಬಿದ್ದು ಹೋಗದಂತೆ ಎದುರಿನ ಪೀಠಕ್ಕೊಂದು ತೆಳುವಾದ ದಾರವನ್ನು ಕಟ್ಟಿದರೆ ಆಯಿತು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಬಹುದು.

ಮೂರನೆಯದು ಚೌಕಟ್ಟಿನ ದೋಣಿಗೆ. ಅಮೆರಿಕದ ನದಿಗಳಲ್ಲಿ ಎರಡು ಉದ್ದನೆಯ ಗಾಳಿಚೀಲಗಳ ಮೇಲೆ ಲೋಹದ ಚೌಕಟ್ಟು ಕೂರಿಸಿ, ನಡುವೆ ಒಬ್ಬನು ಕುಳಿತು ಗಾಳ ಹಾಕುವ ದೋಣಿಗಳಿವೆ. ಅಲ್ಲಿ ಚೌಕಟ್ಟಿನ ನಳಿಕೆಗೇ ಜಾರಿಸಿ ಬಿಗಿಯುವ ಪಾದಪಟ್ಟಿಗಳಿರುತ್ತವೆ. ಇವರು ಹುಟ್ಟು ಹಾಕುವ ರೀತಿಯೂ ಬೇರೆ. 1890ರ ದಶಕದಲ್ಲಿ ನೆಥಾನಿಯಲ್ ಗ್ಯಾಲೊವೇ ಎಂಬಾತನು ಗ್ರೀನ್ ಮತ್ತು ಕೊಲರಾಡೊ ನದಿಗಳಲ್ಲಿ, ಹೊಳೆ ಹರಿಯುವ ದಿಕ್ಕಿಗೇ ಮುಖಮಾಡಿ ಕುಳಿತು, ಪ್ರವಾಹಕ್ಕೆ ವಿರುದ್ಧವಾಗಿ ಎಳೆದು ದೋಣಿಯ ವೇಗವನ್ನು ತಗ್ಗಿಸುತ್ತ, ಬಂಡೆಗಳನ್ನು ಕಣ್ಣಾರೆ ಕಂಡು ತಪ್ಪಿಸಿಕೊಳ್ಳುವ ಕ್ರಮವನ್ನು ರೂಢಿಗೆ ತಂದನು. ಈ ಕ್ರಮದಲ್ಲಿ ಪ್ರತಿಯೊಂದು ಎಳೆತವೂ ಅಪಾಯದಿಂದ ಹಿಂದೆಗೆಯುವ ಎಳೆತ. ಬಂಡೆ ಹತ್ತಿರ ಬಂದ ಗಳಿಗೆಯಲ್ಲಿ ಕಾಲು ಜಾರಿದರೆ ಇನ್ನೊಂದು ಎಳೆತಕ್ಕೆ ಅವಕಾಶವೇ ಇಲ್ಲ.

ಇವಲ್ಲದೆ ಸಾಮಾನಿನ ಪೆಟ್ಟಿಗೆಯನ್ನೇ ಎದುರಿಗಿಟ್ಟು ಒದೆಯುವವರೂ ಇದ್ದಾರೆ. ಪೆಟ್ಟಿಗೆ ಅಲುಗದಂತೆ ಹಿಂಬದಿಗೆ ಮರದ ತುಂಡನ್ನು ಆನಿಸಿದರೆ ಅದೂ ಒಂದು ಮಟ್ಟಿಗೆ ಸರಿಯೇ. ಗಾಳಿ ತುಂಬಿದ ದಿಂಬನ್ನು ಮಾತ್ರ ಇಡಬಾರದು. ಮೆತ್ತನೆಯ ದೋಷವನ್ನು ನೀಗುವುದಕ್ಕೆ ಇನ್ನೊಂದು ಮೆತ್ತನೆಯನ್ನು ತಂದಂತಾಗುತ್ತದೆ.

ಅಂಟಿನ ಮರ್ಮ

ಪಟ್ಟಿ ಕಟ್ಟಲು ದೋಣಿಯಲ್ಲಿ ತಕ್ಕ ಜಾಗವಿಲ್ಲದಾಗ ಲೋಹದ ಬಳೆಯುಳ್ಳ ತೇಪೆಯನ್ನು ಕೊಳವೆಗೆ ಅಂಟಿಸಬೇಕಾಗುತ್ತದೆ. ಇಲ್ಲಿ ಎರಡು ಮಾತುಗಳನ್ನು ನೆನಪಿಡಬೇಕು.

ಒಂದು, ಬಟ್ಟೆಯ ಜಾತಿಗೆ ತಕ್ಕ ಅಂಟು. ಪಿವಿಸಿ ದೋಣಿಗೆ ಪಾಲಿಯುರೆಥೇನ್ ಅಂಟು. ಹೈಪಲಾನ್ ಮೊದಲಾದ ರಬ್ಬರು ಜಾತಿಯ ದೋಣಿಗೆ ಅದಕ್ಕಾಗಿಯೇ ಮಾಡಿದ ಬೇರೆ ಅಂಟು. ಅದಲುಬದಲಾದರೆ ತೇಪೆ ಇವತ್ತು ನಿಂತಂತೆ ಕಂಡು ನಾಳೆ ಕಳಚಿಕೊಳ್ಳುತ್ತದೆ. ಎರಡೂ ಮೈಗಳನ್ನು ಚೆನ್ನಾಗಿ ಒರೆಸಿ, ತೆಳ್ಳಗೆ ಎರಡು ಸಲ ಬಳಿದು, ಪ್ರತಿಸಲವೂ ಆರಲು ಬಿಟ್ಟು, ಒತ್ತಿ ಕೂರಿಸಿ, ಕಡೆಯಪಕ್ಷ ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ತೇವದ ಹವೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು.

ಎರಡು, ಎಳೆತದ ದಿಕ್ಕು. ಗೋಡೆಗೆ ಅಂಟಿಸಿದ ಕಾಗದವನ್ನು ಗೋಡೆಯ ಉದ್ದಕ್ಕೆ ಎಳೆದರೆ ಬಾರದು. ಒಂದು ಮೂಲೆಯಿಂದ ಎತ್ತಿ ಸುಲಿದರೆ ಸರಕ್ಕನೆ ಬರುತ್ತದೆ. ತೇಪೆಯೂ ಹಾಗೆಯೇ. ಪಟ್ಟಿಯು ಕೊಳವೆಯ ಮೈಗುಂಟ ಎಳೆಯುವಂತೆ ಬಳೆಯನ್ನು ಕೂರಿಸಿದರೆ ಅಂಟು ಬಹಳ ಭಾರವನ್ನು ತಡೆಯುತ್ತದೆ. ಮೈಯಿಂದ ಹೊರಕ್ಕೆ ಕೀಳುವಂತೆ ಕೂರಿಸಿದರೆ ಅಲ್ಪಭಾರಕ್ಕೇ ಸೋಲುತ್ತದೆ. ಅಂಟಿಸಿದ ಮೇಲೆ ನೆಲದ ಮೇಲೆಯೇ ಕುಳಿತು, ಎರಡು ಕಾಲುಗಳಿಂದಲೂ ಬಲವಾಗಿ ಒದ್ದು ಪರೀಕ್ಷಿಸಬೇಕು. ಕಳಚುವುದಿದ್ದರೆ ಅಂಗಳದಲ್ಲಿ ಕಳಚಲಿ, ನಡುನೀರಿನಲ್ಲಿ ಬೇಡ.

ಪ್ರಾಣದ ಪ್ರಶ್ನೆ

ಇಷ್ಟೆಲ್ಲ ಶ್ರಮ ಒಂದು ಹವ್ಯಾಸಕ್ಕಾಗಿಯೇ ಎಂದು ಯಾರಾದರೂ ಕೇಳಬಹುದು. ಸೊಂಟನೋವಿನ ಮಾತು ಅತ್ತ ಇರಲಿ. ಗಾಳಿದೋಣಿ ನೀರಿನಲ್ಲಿ ಆಳವಾಗಿ ಕೂರದು. ಅದರ ಬಹುಪಾಲು ಮೈ ನೀರಿನ ಮೇಲೆಯೇ ಇರುತ್ತದೆ. ಆದುದರಿಂದ ಬೀಸುವ ಗಾಳಿಗೆ ಅದು ಎಲೆಯಂತೆ ಸಿಕ್ಕಿಕೊಳ್ಳುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ನೂಕುಬಲ ನಾಲ್ಕು ಮಡಿಯಾಗುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ಸರೋವರದಲ್ಲಿ ಮಧ್ಯಾಹ್ನ ದಡದಿಂದ ಒಳಕ್ಕೆ ಗಾಳಿಯೆದ್ದಿತೆನ್ನಿ. ಹೋಗುವಾಗ ಹಗುರವಾಗಿದ್ದ ದೋಣಿ ಬರುವಾಗ ಒಂದು ಮಾರು ಮುಂದೆ ಬಂದರೆ ಎರಡು ಮಾರು ಹಿಂದೆ ಹೋಗುತ್ತದೆ. ಗಾಳಿಯ ನೂಕು 12 ಕಿಲೋಗ್ರಾಮಿನಷ್ಟಿದ್ದರೆ, ಮೇಲಿನ ಲೆಕ್ಕದಲ್ಲಿ ಕಾಲಾನಿಕೆಯಿದ್ದವನ 15 ಅದನ್ನು ಮೀರುತ್ತದೆ, ಇಲ್ಲದವನ 10 ಸೋಲುತ್ತದೆ. ಒಬ್ಬನು ಮನೆ ಸೇರುತ್ತಾನೆ; ಇನ್ನೊಬ್ಬನು ಸೇರುವುದಿಲ್ಲ. ಒಂದು ಮರದ ತುಂಡಿನ ಬೆಲೆ ತಿಳಿಯುವುದು ಆಗ.

ಆದರೆ ಕಾಪಾಡುವ ವಸ್ತುವೇ ಕೊಲ್ಲಬಹುದು ಎಂಬುದನ್ನೂ ಹೇಳದೆ ಬಿಡಬಾರದು. ದೋಣಿ ಮಗುಚಿದಾಗ ಪಾದವು ಸಿಕ್ಕಿಕೊಂಡರೆ ಈಜು ಬಲ್ಲವನೂ ಮುಳುಗುತ್ತಾನೆ. ಪಂದ್ಯದ ದೋಣಿಗಳಲ್ಲಿ ಪಾದರಕ್ಷೆಗಳನ್ನು ಹಲಗೆಗೇ ಕೂರಿಸಿರುತ್ತಾರೆ. ಅಲ್ಲಿ ಅವುಗಳ ಹಿಮ್ಮಡಿಗೆ ಒಂದು ಗಿಡ್ಡ ಹುರಿ ಕಟ್ಟಿ, ಮಗುಚಿದಾಗ ಪಾದವು ಕೈಯ ಸಹಾಯವಿಲ್ಲದೆ ತಾನಾಗಿ ಹೊರಬರುವಂತೆ ಏರ್ಪಾಡು ಮಾಡಿರಬೇಕೆಂಬ ನಿಯಮವಿದೆ. ಮೀನಿನ ದೋಣಿಯಲ್ಲಿ ಪಾದವನ್ನು ಕಟ್ಟುವ ಗೋಜೇ ಬೇಡ. ಒದೆಯುವುದಕ್ಕೆ ಆಸರೆ ಸಾಕು. ದಂಡದ ಅಡಿಯಲ್ಲಿ ಪಾದ ತೂರುವಷ್ಟು ಸಂದು ಬಿಡಬಾರದು. ಬಿಟ್ಟಿದ್ದರೆ ಒಂದು ಹಲಗೆಯಿಂದ ಮುಚ್ಚಬೇಕು. ಪಟ್ಟಿಯ ಜೋಲುವ ತುದಿಗಳನ್ನು ಸುತ್ತಿ ಸಿಕ್ಕಿಸಬೇಕು. ಇಲ್ಲವಾದರೆ ಗಾಳದ ದಾರವೂ ಕೊಕ್ಕೆಯೂ ಅದಕ್ಕೇ ತೊಡರುತ್ತವೆ. ಮರದ ಅಂಚುಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಬೇಕು. ತೇಲುವ ಅಂಗಿಯನ್ನು ತೊಡದೆ ದಡ ಬಿಡಬಾರದೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಕಾಲಿನಲ್ಲಿ ಶಕ್ತಿಯಿಲ್ಲದವರ ಗತಿಯೇನು? 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸಿನಿಂದ ಹುಟ್ಟಿನ ಪಂದ್ಯವು ವಿಕಲಾಂಗರ ಕ್ರೀಡೆಗಳಲ್ಲಿಯೂ ಸೇರಿದೆ. ಕಾಲು ಸೊಂಟಗಳ ಬಲವಿಲ್ಲದವರು ಅಲ್ಲಿ ಕದಲದ ಪೀಠದ ಮೇಲೆ, ಎದೆಗೆ ಪಟ್ಟಿ ಬಿಗಿದುಕೊಂಡು, ತೋಳು ಮತ್ತು ಭುಜದ ಬಲದಿಂದ ದೋಣಿ ನಡೆಸುತ್ತಾರೆ. ಕಾಲು ತಡೆಯಬೇಕಾದ ಬಲವನ್ನು ಆ ಪಟ್ಟಿ ತಡೆಯುತ್ತದೆ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತಿರುವುದು ಆ ಪಟ್ಟಿಯ ಪ್ರಾಣ. ಕಾಲುಗಳ ಉದ್ದದಲ್ಲಿ ಹೆಚ್ಚುಕಡಿಮೆಯಿರುವವರಿಗೆ ಒಂದೇ ದಂಡದ ಬದಲು ಎರಡು ಬೇರೆ ಬೇರೆ ತುಂಡುಗಳನ್ನು ಬೇರೆ ಬೇರೆ ದೂರದಲ್ಲಿ ಕೂರಿಸಿದರೆ ತೀರಿತು. ತಿದ್ದಬೇಕಾದುದು ದೋಣಿಯನ್ನು, ಮನುಷ್ಯನನ್ನಲ್ಲ.

ಕಡೆಯದಾಗಿ ಒಂದು ಪರೀಕ್ಷೆ. ಎಲ್ಲ ಸಿದ್ಧವಾದ ಮೇಲೆ ಸೊಂಟದುದ್ದ ನೀರಿನಲ್ಲಿ, ದಡಕ್ಕೆ ಹತ್ತಿರವಾಗಿ, ಇಪ್ಪತ್ತು ನಿಮಿಷ ಹುಟ್ಟು ಹಾಕಿ ನೋಡಬೇಕು. ಪೀಠದ ಮೇಲೆ ಜಾರುತ್ತಿದ್ದೇವೆಯೇ, ಮೊಣಕಾಲಿಗೆ ಹಿಡಿ ತಗುಲುತ್ತಿದೆಯೇ, ಹಿಮ್ಮಡಿ ಮೇಲೇಳುತ್ತಿದೆಯೇ, ಥಟ್ಟನೆ ಎದ್ದು ಹೊರಬರಲು ಏನಾದರೂ ತೊಡಕಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೂ ಇಲ್ಲವೆಂಬ ಉತ್ತರ ಬರುವವರೆಗೆ ಒಂದೊಂದು ಬೆರಳಿನಷ್ಟು ಸರಿಸುತ್ತಾ ಹೋಗಬೇಕು. ಆಮೇಲೆ ಆ ಸ್ಥಾನವನ್ನು ಅಳಿಯದ ಬಣ್ಣದಿಂದ ಗುರುತು ಮಾಡಿಟ್ಟರೆ ಮುಂದಿನ ಸಲ ಅಳೆಯುವ ಕೆಲಸವಿಲ್ಲ. ಇಷ್ಟಾದ ಮೇಲೂ, ಗಾಳಿಯ ದಿಕ್ಕನ್ನು ನೋಡಿ, ಹೋಗುವಾಗ ಅದಕ್ಕೆದುರಾಗಿ ಹೊರಟು, ದಣಿದು ಹಿಂದಿರುಗುವಾಗ ಅದು ಬೆನ್ನಿಗಿರುವಂತೆ ನೋಡಿಕೊಳ್ಳುವವನೇ ಜಾಣ ಅಂಬಿಗ.